ನಾನು ಬರೆಯದೆ ಬಿಟ್ಟ ಎರಡು ಸಾಲು

ಕಳೆದ ವಾರ ಮಾರೇನಹಳ್ಳಿಯ ಗ್ರಂಧಿಗೆ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಬಜೆ ಕೇಳಿದಳು. ಅವಳ ಹೆಗಲ ಮೇಲೆ ಮೂರು ತಿಂಗಳ ಕೂಸು. ಮಾತು ಬೇಗ ಬರಲಿ ಎಂದು ಬಜೆ ತೇಯ್ದು ನಾಲಿಗೆಗೆ ಮುಟ್ಟಿಸುತ್ತಾರಲ್ಲ, ಅದಕ್ಕೇ ಇರಬೇಕು. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದದ್ದೇ ತಡ, ಆ ಘಾಟು ಮೂಗಿಗೆ ಬಡಿಯಿತು. ನನಗೆ ನೆನಪಾದದ್ದು ಮಾತ್ರ ಕೂಸುಗಳಲ್ಲ, ಪುಸ್ತಕಗಳು. ಹುಳ ಹಿಡಿಯಬಾರದೆಂದು ಪ್ರತಿ ಸಾಲಿನ ಹಿಂದೆ ಬಜೆಯ ತುಂಡುಗಳನ್ನು ಇಟ್ಟಿದ್ದ ಒಂದು ಕೋಣೆ, ಮಧ್ಯಾಹ್ನದ ಬಿಸಿಲು, ಬೆತ್ತದ ಕುರ್ಚಿ... ನಮ್ಮ ಮಹಡಿಯ ಮೇಷ್ಟ್ರು. ಏನು ಕೊಳ್ಳಲು ಹೋಗಿದ್ದೆನೋ ಅದನ್ನೇ ಮರೆತು, ಬೇಡದಿದ್ದ ಕೊತ್ತಂಬರಿ ಬೀಜ ಕಟ್ಟಿಸಿಕೊಂಡು ಮನೆಗೆ ಬಂದೆ.

ಇದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮದುವೆಯಾಗಿ ಕುಣಿಗಲ್ ಕಡೆಯಿಂದ ಬಂದವಳು ನಾನು. ನನ್ನ ಗಂಡ ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದ. ಗೋವಿಂದರಾಜನಗರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಮೇಲಿನ ಮನೆಯಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಕಣ್ಣು ಮಂಜಾಗುತ್ತ ಬಂದಿತ್ತು. ಅವರೊಂದು ಪುಸ್ತಕ ಬರೆಯುತ್ತಿದ್ದರು. ಬರೆಯಲು ಕೈ ಬೇಕಿತ್ತು. ನಾನು ಬಿ.ಎ. ಮಾಡಿದ್ದೇನೆ, ಅಕ್ಷರ ದುಂಡಗಿದೆ ಎಂದು ಅವರ ಹೆಂಡತಿಗೆ ಹೇಗೋ ತಿಳಿಯಿತು. ಅವರನ್ನು ನಾನು ಆಂಟಿ ಎನ್ನುತ್ತಿದ್ದೆ. ಆಂಟಿ ಕೆಳಗಿಳಿದು ಬಂದು ಕೇಳಿದರು, ನಾನು ಒಪ್ಪಿದೆ. ಮಧ್ಯಾಹ್ನವಿಡೀ ಗೋಡೆ ನೋಡುತ್ತ ಕೂರುವುದಕ್ಕಿಂತ ಅದು ವಾಸಿ ಎನ್ನಿಸಿತ್ತು.

ಮೇಷ್ಟ್ರಿಗೆ ಎಲ್ಲಕ್ಕೂ ಆಧಾರ ಬೇಕು. ಸೊಪ್ಪಿನವಳು ಈಗ ತಾನೇ ಕಿತ್ತಿದ್ದು ಎಂದರೂ ಮಹಡಿಯಿಂದ ಬಗ್ಗಿ ಆಧಾರ ಕೇಳುವ ಜಾತಿ. ಒಂದು ಅಲ್ಪವಿರಾಮ ತಪ್ಪಿದರೆ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ನನಗೆ ಬೆನ್ನು ನೋವು ಎಂದರೆ, ಆ ಚಕ್ರವರ್ತಿ ಆರು ವರ್ಷ ಕುದುರೆ ಮೇಲೆ ಕೂತಿದ್ದ ಎನ್ನುತ್ತಿದ್ದರು. ಸಿಟ್ಟು ಬರುತ್ತಿತ್ತು, ಆದರೂ ಮಾರನೆಯ ದಿನ ಎರಡು ಗಂಟೆಗೆ ಸರಿಯಾಗಿ ಮೆಟ್ಟಿಲು ಹತ್ತುತ್ತಿದ್ದೆ.

ಆ ಚಕ್ರವರ್ತಿಯ ಹೆಸರು ಹೆರಾಕ್ಲಿಯಸ್. ಸಾವಿರದ ನಾನೂರು ವರ್ಷದ ಹಿಂದೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂತು ಆಳಿದವನು. ಪರ್ಷಿಯಾದವರು ಅರ್ಧ ರಾಜ್ಯ ನುಂಗಿದ್ದಾಗ ತಾನೇ ಸೈನ್ಯ ಕಟ್ಟಿಕೊಂಡು ಹೋಗಿ ಗೆದ್ದ. ಅವರು ಹೊತ್ತೊಯ್ದಿದ್ದ ಪವಿತ್ರ ಶಿಲುಬೆಯನ್ನು ಜೆರುಸಲೇಮಿಗೆ ಮರಳಿ ತಂದ. ಇನ್ನು ಸುಖವಾಗಿರಬಹುದು ಎಂದುಕೊಳ್ಳುವಷ್ಟರಲ್ಲಿ ಅರಬ್ ಮರಳುಗಾಡಿನಲ್ಲಿ ಹೊಸ ಧರ್ಮವೊಂದು ಹುಟ್ಟಿ ಬೆಳೆದಿತ್ತು. ಆ ಕಡೆಯಿಂದ ಅವನಿಗೆ ಒಂದು ಪತ್ರವೂ ಬಂದಿತ್ತಂತೆ. ಕೆಲವೇ ವರ್ಷಗಳಲ್ಲಿ, ಯರ್ಮೂಕ್ ಎಂಬ ನದಿಯ ಬಳಿ ಅವನ ದೊಡ್ಡ ಸೈನ್ಯ ಅರಬರ ಮುಂದೆ ಸೋತಿತು. ಗೆದ್ದು ತಂದದ್ದೆಲ್ಲ ಕಣ್ಣೆದುರೇ ಹೋಯಿತು. ಇದನ್ನೆಲ್ಲ ಹೇಳುವಾಗ ಮೇಷ್ಟ್ರ ದನಿ ಏರುತ್ತಿತ್ತು. ನಾನು ಬರೆಯುವುದನ್ನು ಬಿಟ್ಟು ಕೇಳುತ್ತ ಕೂತು ಬೈಸಿಕೊಳ್ಳುತ್ತಿದ್ದೆ.

ನಾನು ಐದು ತಿಂಗಳ ಬಸುರಿಯಾಗಿದ್ದಾಗ ಪುಸ್ತಕ ಚಕ್ರವರ್ತಿಯ ಎರಡನೆಯ ಮದುವೆಗೆ ಬಂತು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಅವನು ಮಾರ್ಟಿನಾ ಎಂಬವಳನ್ನು ಮದುವೆಯಾದ. ಆಕೆ ಅವನ ಒಡಹುಟ್ಟಿದವಳ ಮಗಳು. ಧರ್ಮಗುರುಗಳು ಇದು ಮಹಾಪಾಪ ಎಂದರು, ಜನ ಆಟದ ಬಯಲಿನಲ್ಲೇ ಕೂಗಿ ಬೈದರು ಎಂದು ಮೇಷ್ಟ್ರು ಬರೆಸಿದರು. ನಾನು ಪೆನ್ನು ಕೆಳಗಿಟ್ಟೆ.

"ಅಕ್ಕನ ಮಗಳು ತಾನೇ ಸಾರ್? ಅದ್ರಲ್ಲೇನು ತಪ್ಪು?"

ಮೇಷ್ಟ್ರು ನಕ್ಕುಬಿಟ್ಟರು. "ನಮ್ಮ ಕಡೆ ಆಗಿದ್ರೆ ಚಪ್ಪರ ಹಾಕಿ ಊಟ ಹಾಕ್ತಿದ್ರು ಕಣಮ್ಮ. ಅಲ್ಲಿ ಹಾಗಲ್ಲ. ಬರ್ಕೋ."

ಬರೆದುಕೊಂಡೆ. ನಗುತ್ತಲೇ ಬರೆದುಕೊಂಡೆ. ಆಮೇಲೆ ಅವರು ಅದೇ ದನಿಯಲ್ಲಿ ಮುಂದುವರಿಸಿದರು: ಮಾರ್ಟಿನಾಗೆ ಹುಟ್ಟಿದ ಒಬ್ಬ ಮಗನ ಕತ್ತು ತಿರುಗುತ್ತಿರಲಿಲ್ಲ. ಇನ್ನೊಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರಲಿಲ್ಲ.

ನನ್ನ ಕೈ ನಿಂತಿತು. ನನ್ನ ಗಂಡ ನನ್ನ ಸೋದರಮಾವ, ಅಮ್ಮನ ಕೊನೆಯ ತಮ್ಮ. ಹುಟ್ಟಿದಾಗಿನಿಂದ ನಾನು ಅವನನ್ನು ಕರೆದದ್ದು ಮಾವ ಎಂದೇ. ಊರಿನಲ್ಲಿ ನಮ್ಮ ದೊಡ್ಡಮ್ಮನದೂ ಹಾಗೇ ಆದ ಮದುವೆ. ಅವಳ ಮಗ ಹತ್ತು ವರ್ಷ ತುಂಬಿದರೂ ಕತ್ತು ನಿಲ್ಲದೆ ಗೋಡೆಗೆ ಒರಗಿ ಕೂತಿರುತ್ತಿದ್ದ. ದೃಷ್ಟಿಯಾಗಿದೆ ಎನ್ನುತ್ತಿದ್ದರು, ನಾನೂ ನಂಬಿದ್ದೆ. ಆ ಮಧ್ಯಾಹ್ನದ ತನಕ ಎರಡನ್ನೂ ಸೇರಿಸಿ ಯೋಚಿಸಿದವಳೇ ಅಲ್ಲ. ಹೊಟ್ಟೆಯೊಳಗೆ ಮಗು ಒದೆಯಿತು.

"ಬರ್ಕೊಂಡ್ಯಾ?" ಮೇಷ್ಟ್ರು ಕೇಳಿದರು. ಅವರಿಗೆ ಕಾಣುತ್ತಿರಲಿಲ್ಲ.

"ಹೂಂ ಸಾರ್" ಎಂದು ಸುಳ್ಳು ಹೇಳಿದೆ. ಹಾಳೆಯ ಮೇಲೆ ಆ ಎರಡು ಸಾಲು ಇರಲಿಲ್ಲ.

ನನ್ನ ದನಿ ಕೇಳಿ ಅಡುಗೆಮನೆಯ ಬಾಗಿಲಿಗೆ ಆಂಟಿ ಬಂದು ನಿಂತರು. ನನ್ನ ಮುಖ ನೋಡಿದರು. "ಅವಳ ಗಂಡ ಅವಳ ಸೋದರಮಾವ ಕಣ್ರೀ" ಎಂದರು, ಮೆಲ್ಲಗೆ.

ಮೇಷ್ಟ್ರು ನನ್ನ ಕಡೆ ಮುಖ ತಿರುಗಿಸಿದರು. ನನಗೆ ಅಳು ಬಂತು. ಅದು ನಿಜವಾ ಸಾರ್ ಎಂದು ಕೇಳಿದೆ, ಎರಡು ಸಲ ಕೇಳಿದೆ. ಅಲ್ಲ ಎಂದು ಹೇಳಲಿ ಎಂದೇ ಕೇಳಿದ್ದು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

"ಸುಳ್ಳು ಕಣಮ್ಮ. ರಾಣೀನ ಕಂಡ್ರೆ ಆಗದವ್ರು ಕಟ್ಟಿದ ಕತೆ. ಹೊಡೆದು ಹಾಕು ಅದನ್ನ."

ಹೊಡೆದು ಹಾಕಲು ಅಲ್ಲಿ ಏನಿತ್ತು? ಆದರೂ ಖಾಲಿ ಜಾಗದಲ್ಲಿ ಒಂದು ಗೆರೆ ಎಳೆದೆ.

ಆಮೇಲೆ ಆ ಪುಸ್ತಕ ಸರಿಯಾಗಿ ಸಾಗಲಿಲ್ಲ. ಸೋತು ಬಂದ ಚಕ್ರವರ್ತಿಗೆ ಮುಪ್ಪಿನಲ್ಲಿ ನೀರೆಂದರೆ ಭಯ ಹತ್ತಿತ್ತಂತೆ. ರಾಜಧಾನಿ ಎದುರಿಗೇ ಇದೆ, ನಡುವೆ ಸಮುದ್ರದ ಒಂದು ಸಣ್ಣ ಪಟ್ಟಿ. ದಾಟಲಾರದೆ ಈಚೆ ದಡದ ಅರಮನೆಯಲ್ಲೇ ಕೂತುಬಿಟ್ಟ. ಕೊನೆಗೆ ದೋಣಿಗಳನ್ನು ಸಾಲಾಗಿ ಕಟ್ಟಿ ಸೇತುವೆ ಮಾಡಿ, ನೀರು ಕಾಣದಂತೆ ಎರಡೂ ಕಡೆ ಸೊಪ್ಪುಸದೆ ನಿಲ್ಲಿಸಿ ಅವನನ್ನು ದಾಟಿಸಿದರು. ಇದನ್ನು ಬರೆಸುವಾಗ ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿ, ಇವತ್ತಿಗೆ ಸಾಕು ಹೋಗಮ್ಮ ಎಂದರು. ನನಗೆ ಯಾಕೆಂದು ತಿಳಿಯಲಿಲ್ಲ. ನನಗೂ ಹಾಗೇ ಸೊಪ್ಪು ನಿಲ್ಲಿಸಿದ್ದರು ಎಂದು ತಿಳಿಯಲು ಒಂದೂವರೆ ವರ್ಷ ಬೇಕಾಯಿತು.

ಭಯವೇನೂ ಪೂರ್ತಿ ಹೋಗಿರಲಿಲ್ಲ. ಗಂಡನಿಗೆ ಹೇಳಿದರೆ, "ರಾಜರ ಕಾಲದ್ದಕ್ಕೆಲ್ಲ ಯಾಕೆ ಹೆದರ್ತೀಯ, ಬಿಡೇ" ಎಂದ. ಸ್ಕ್ಯಾನಿಂಗ್‌ಗೆ ಹೋದಾಗ ಕತ್ತು ಸರಿಯಿದೆಯಾ ಎಂದು ಕೇಳಿ ಕೇಳಿ ಅಲ್ಲಿನ ಹುಡುಗಿಗೆ ತಲೆ ಚಿಟ್ಟು ಹಿಡಿಸಿದೆ. ಮಗಳು ಹುಟ್ಟಿದಳು. ನಾಲ್ಕು ತಿಂಗಳು ದಿನವೂ ಅವಳನ್ನು ಬೋರಲು ಹಾಕಿ ಕತ್ತನ್ನೇ ಕಾಯುತ್ತ ಕೂತೆ. ಒಂದು ಬೆಳಿಗ್ಗೆ ತಲೆ ಎತ್ತಿ ನನ್ನನ್ನು ನೋಡಿ ಜೊಲ್ಲು ಸುರಿಸಿದಳು. ಅಂದು ನಾನು ಇಡೀ ಬೀದಿಗೆ ಸಕ್ಕರೆ ಹಂಚಿದೆ, ಮಹಡಿಗೂ ಕೊಟ್ಟು ಬಂದೆ. ಮೇಷ್ಟ್ರು ಸಕ್ಕರೆ ಬಾಯಿಗೆ ಹಾಕಿಕೊಂಡು ಏನೋ ಕೇಳಲು ಹೋಗಿ ಸುಮ್ಮನಾದರು...

ಏಳನೆಯ ತಿಂಗಳಲ್ಲಿ ಪಕ್ಕದಲ್ಲೇ ತಟ್ಟೆ ಬಿದ್ದರೂ ಮಗು ತಿರುಗಲಿಲ್ಲ. ಆದರೆ ಮೇಷ್ಟ್ರು ಸುಳ್ಳು ಎಂದಿದ್ದಾರಲ್ಲ, ಆಧಾರವಿಲ್ಲದೆ ಬಾಯಿ ಬಿಡದ ಮನುಷ್ಯ ಎಂದುಕೊಂಡೆ. ಭಯವಾದಾಗಲೆಲ್ಲ ಅದನ್ನೇ ಹೇಳಿಕೊಂಡೆ. ದೀಪಾವಳಿಯ ದಿನ ನಮ್ಮ ಬಾಗಿಲ ಮುಂದೆಯೇ ಲಕ್ಷ್ಮಿ ಪಟಾಕಿ ಸಿಡಿದಾಗ ಮಗಳು ನನ್ನ ತೊಡೆಯ ಮೇಲೆ ಆರಾಮವಾಗಿ ಮಲಗಿದ್ದಳು. ಎಂಥ ಧೈರ್ಯದ ಮಗು ಎಂದರು ಎಲ್ಲರೂ. ನಾನು ನಕ್ಕೆ.

ಕಿವಿ ಡಾಕ್ಟರ ಬಳಿ ಹೋದಾಗ ಅವಳಿಗೆ ಹದಿನಾಲ್ಕು ತಿಂಗಳು. ಆಕೆ ಮೊದಲು ಕೇಳಿದ್ದೇ ಸಂಬಂಧದಲ್ಲಿ ಮದುವೆಯೇ ಎಂದು. ಎರಡು ಕಿವಿಯೂ ಕೇಳುವುದಿಲ್ಲ, ಆರು ತಿಂಗಳಲ್ಲೇ ಕಿವಿಗೆ ಮೆಷಿನ್ ಹಾಕಿಸಿದ್ದರೆ ಮಾತಿಗೆ ಬಹಳ ಅನುಕೂಲವಾಗುತ್ತಿತ್ತು, ಇಷ್ಟು ದಿನ ಯಾಕೆ ಕಾದಿರಿ ಎಂದರು. ಯಾಕೆ ಕಾದೆ ಎಂದು ನಾನು ಅವರಿಗೆ ಹೇಗೆ ಹೇಳಲಿ?

ಮನೆಗೆ ಬಂದವಳು ಚಪ್ಪಲಿ ಬಿಡದೆ ಮಗುವನ್ನು ಎತ್ತಿಕೊಂಡೇ ಮಹಡಿ ಹತ್ತಿದೆ.

"ಸುಳ್ಳು ಅಂದ್ರಲ್ಲ ಸಾರ್. ಯಾವ ಪುಸ್ತಕದಲ್ಲಿತ್ತು ಅದು ಸುಳ್ಳು ಅಂತ?"

ಮೇಷ್ಟ್ರಿಗೆ ಎಲ್ಲ ಅರ್ಥವಾಯಿತು. ಬೆತ್ತದ ಕುರ್ಚಿಯ ಕೈ ಹಿಡಿದುಕೊಂಡರು. "ನೀನು ತುಂಬಾ ಹೆದ್ರಿದ್ದೆ ಕಣಮ್ಮ" ಎಂದರು.

"ಹೆದ್ರಿಕೊಂಡೇ ಇದ್ದಿದ್ರೆ ಏಳು ತಿಂಗಳಿಗೇ ತೋರಿಸ್ತಿದ್ದೆ."

ಮಗಳು ಮೇಷ್ಟ್ರ ಕನ್ನಡಕಕ್ಕೆ ಕೈ ಚಾಚುತ್ತ ನಗುತ್ತಿದ್ದಳು. ನಾನು ಅವಳ ಕೈ ಎಳೆದುಕೊಂಡು ಇಳಿದು ಬಂದೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಮೂರು ತಿಂಗಳಿಗೆ ಮನೆ ಬದಲಿಸಿ ಮಾರೇನಹಳ್ಳಿಗೆ ಬಂದೆವು. ಆಂಟಿ ತರಕಾರಿ ಗಾಡಿಯ ಬಳಿ ಸಿಕ್ಕಿದಾಗಲೆಲ್ಲ ನಮ್ಮವರು ನಿನ್ನನ್ನು ಕೇಳುತ್ತಿರುತ್ತಾರೆ ಎನ್ನುತ್ತಿದ್ದರು. ನಾನು ಬದನೆಕಾಯಿ ಆರಿಸುತ್ತ ನಿಲ್ಲುತ್ತಿದ್ದೆ. ಎರಡನೆಯ ಮಗು ಬೇಡ ಎಂದು ನಿರ್ಧರಿಸಿದೆ. ಆ ಭಯ ಇನ್ನೊಮ್ಮೆ ಹೊರಲು ನನ್ನಿಂದ ಆಗುತ್ತಿರಲಿಲ್ಲ.

ಮೇಷ್ಟ್ರು ಹೋಗಿ ಆರು ವರ್ಷವಾಯಿತು. ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ. ಹದಿನೈದು ದಿನ ಬಿಟ್ಟು ಆಂಟಿಯೇ ಆಟೋದಲ್ಲಿ ಬಂದು ಪಂಚೆಯಲ್ಲಿ ಸುತ್ತಿದ ಒಂದು ಗಂಟು ಕೊಟ್ಟರು. ಅಚ್ಚಾಗದೇ ಉಳಿದ ಆ ಪುಸ್ತಕ, ನನ್ನ ಅಕ್ಷರದಲ್ಲಿ. ಅದನ್ನು ಅಟ್ಟಕ್ಕೆ ಹಾಕಿದೆ. ಬಿಚ್ಚಲು ಹೆದರಿಕೆ. ಕಳೆದ ವಾರ ಅಂಗಡಿಯಿಂದ ಬಂದ ಸಂಜೆ, ಕುರ್ಚಿ ಹಾಕಿಕೊಂಡು ಕೆಳಗಿಳಿಸಿದೆ.

ನಾನು ಗೆರೆ ಎಳೆದಿದ್ದ ಪುಟ ಸಿಕ್ಕಿತು. ಅದರ ಹಿಂದೆ ಬೇರೆ ನಾಲ್ಕು ಹಾಳೆ ಪಿನ್ ಮಾಡಿತ್ತು. ಒಂದೊಂದು ಅಕ್ಷರವೂ ಬೆರಳುದ್ದ, ಸಾಲಿನ ಮೇಲೆ ಸಾಲು ಹತ್ತಿತ್ತು. ಕಾಣದ ಕಣ್ಣಿನಲ್ಲಿ ಮೇಷ್ಟ್ರು ತಾವೇ ಬರೆದದ್ದು. ನಾನು ಬಿಟ್ಟ ಎರಡು ಸಾಲೂ ಅಲ್ಲಿದ್ದವು, ಯಾವ ಇತಿಹಾಸಕಾರ ಹೇಳಿದ್ದು ಎಂಬುದರ ಸಮೇತ. ಅದರ ಕೆಳಗೆ ಇನ್ನೂ ಒಂದು ಸಂಗತಿ ಇತ್ತು. ಕಿವಿ ಕೇಳದ ಆ ರಾಜಕುಮಾರ ಬೆಳೆದು ದೊಡ್ಡವನಾದ. ಪರ್ಷಿಯಾದ ಸೇನಾಪತಿಯ ಮಗಳನ್ನು ಮದುವೆಯಾದ.

ಅದನ್ನು ಅವರು ನನಗೆ ಅಂದೇ ಹೇಳಬಹುದಿತ್ತು. ಅಂದು ಅವರಿಗೆ ಗೊತ್ತಿತ್ತೋ, ಜಗಳವಾದ ಮೇಲೆ ಹುಡುಕಿಸಿದರೋ... ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೂ ಆ ಹಾಳೆ ಹಿಡಿದು ಕೂತು ಅತ್ತೆ.

ಮಗಳು ಕೆಲಸ ಮುಗಿಸಿ ಬಂದಳು. ವಿಜಯನಗರದ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುತ್ತಾಳೆ. ನನಗಿಂತ ಜಗಳಗಂಟಿ. ಒಂದೆರಡು ಸಂಬಂಧ ಬಂದಿದ್ದವು, ಹುಡುಗರನ್ನು ಅವಳೇ ಓಡಿಸಿದಳು. ಹಾಳೆ ಕಿತ್ತುಕೊಂಡು ಓದಿದಳು, ಎರಡು ಸಲ ಓದಿದಳು. ಆಮೇಲೆ ಕೈಯಲ್ಲಿ ಕೇಳಿದಳು, ಆ ಸೇನಾಪತಿ ಮಗಳಿಗೆ ಕೈಮಾತು ಬರ್ತಿತ್ತಾ?

ಗೊತ್ತಿಲ್ಲ ಎಂದು ತಲೆ ಆಡಿಸಿದೆ. ಗೊತ್ತಿರೋರನ್ನ ಕೇಳು ಎಂದು ಅವಳ ಬೆರಳುಗಳು ಗದರಿದವು.

ಗೊತ್ತಿದ್ದವರ ಮನೆ ಇಲ್ಲಿಂದ ನಡೆದರೆ ಹತ್ತು ನಿಮಿಷ. ಜಗಳದ ನಂತರ ಅವರು ಬದುಕಿದ್ದ ಹದಿನಾಲ್ಕು ವರ್ಷ ನಾನು ಆ ಹತ್ತು ನಿಮಿಷ ನಡೆಯಲಿಲ್ಲ.