ಟೀವಿಯಲ್ಲಿ ಕಂಡ ಬಲಗೈ

ನಾನು ಎಡಚಿ. ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಮುಂಬಯಿಯ ಚೆಂಬೂರಿನ ಚಾಳಿನಲ್ಲಿದ್ದಾಗ ಈ ಮಾತು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅಪ್ಪ ಗದಗಿನ ಕಡೆಯವರು, ರಿಫೈನರಿಯಲ್ಲಿ ಫಿಟ್ಟರ್. ಊಟಕ್ಕೆ ಕೂತಾಗ ನನ್ನ ಎಡಗೈ ತಟ್ಟೆಯತ್ತ ಹೊರಟಿತೋ, ಹೆಗಲ ಮೇಲಿನ ಟವೆಲ್ಲಿನಿಂದ ಅದನ್ನು ಬೆನ್ನ ಹಿಂದೆ ಕಟ್ಟಿಬಿಡುತ್ತಿದ್ದರು. ಹೊಡೆಯುತ್ತಿರಲಿಲ್ಲ. ಹೊಡೆದಿದ್ದರೆ ಒಂದು ಸಲ ಅತ್ತು ಮುಗಿಸಬಹುದಿತ್ತು. ಕೈ ಜೋಮು ಹಿಡಿದರೂ ಹಾಗೆಯೇ ಉಣ್ಣಬೇಕು, ಅದೂ ತಂಗಿಯರ ಎದುರಿಗೆ. ಆ ಟವೆಲ್ಲಿಗೆ ಹೆದರಿದಷ್ಟು ನಾನು ದೆವ್ವಕ್ಕೂ ಹೆದರಿದವಳಲ್ಲ.

ಆಗ ಮುಂಬಯಿಗೆ ಟೀವಿ ಹೊಸದು. ಇಡೀ ಚಾಳಿಗೆ ಒಂದೇ ಟೀವಿ, ಕೆಳಗಿನ ಖೋಲಿಯ ಮರಾಠಿ ಮಾಸ್ತರರ ಮನೆಯಲ್ಲಿ. ಶನಿವಾರ ಸಂಜೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಕ್ಕಳ ಕಾರ್ಯಕ್ರಮ ಬರುತ್ತಿತ್ತು: ವಾರಕ್ಕೆ ಎರಡು ಶಾಲೆಗಳ ನಡುವೆ ಯೋ-ಯೋ ಪಂದ್ಯ, ಗೆದ್ದವರು ಮುಂದಿನ ಸುತ್ತಿಗೆ. ನೋಡಿ ನೋಡಿ ನಮ್ಮ ಕನ್ನಡ ಶಾಲೆಯ ಹುಡುಗಿಯರಿಗೂ ಹುಚ್ಚು ಹಿಡಿಯಿತು. ನನಗೆ ಒಲಿದದ್ದು ಒಂದೇ ವಿದ್ಯೆ. ಯೋ-ಯೋವನ್ನು ಕೆಳಗೆ ಬಿಟ್ಟು, ದಾರದ ತುದಿಯಲ್ಲೇ ಗಿರಗಿರ ತಿರುಗುತ್ತ ನಿಲ್ಲುವಂತೆ ಮಾಡುವುದು. ಎಡಗೈಯಲ್ಲಿ ಬಿಟ್ಟರೆ ಹತ್ತು ಎಣಿಸುವವರೆಗೂ ತಿರುಗುತ್ತಿತ್ತು. ಬಲಗೈಯಲ್ಲಿ ಬಿಟ್ಟರೆ ಎರಡು ಎಣಿಸುವುದರೊಳಗೆ ಸತ್ತೇ ಹೋಗುತ್ತಿತ್ತು.

ನಮ್ಮ ಶಾಲೆಗೂ ಕರೆ ಬಂತು. ಮೂವರ ತಂಡ, ಕೊನೆಯ ಸರದಿ ನನ್ನದು. ಅಪ್ಪ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕುತ್ತ ಹೇಳಿದರು:

"ಚಾಳಿನ ಮಂದಿ ಎಲ್ಲಾ ನೋಡ್ತಾರ. ನಾನೂ ಮುಂದ ಕುಂತಿರ್ತೀನಿ. ಬಲಗೈ ನೆಪ್ಪಿರ್ಲಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದುಕೊಂಡು ಎರಡು ವಾರ ನೀರಿನ ಟಾಕಿಯ ಹಿಂದೆ ನಿಂತು ಬಲಗೈಗೆ ಪಾಠ ಹೇಳಿದೆ. ಹಾಳಾದ್ದು, ಕಲಿಯಲೇ ಇಲ್ಲ.

ಆ ಕಾರ್ಯಕ್ರಮ ನೇರ ಪ್ರಸಾರ. ಸ್ಟುಡಿಯೋದಲ್ಲಿ ನಾನು ಕೈ ಎತ್ತಿದ ಕ್ಷಣವೇ ಚೆಂಬೂರಿನಲ್ಲಿ ಅಪ್ಪನಿಗೆ ಕಾಣುತ್ತದೆ. ದೀಪಗಳ ಬಿಸಿಗೆ ಎಲ್ಲರೂ ಬೆವರುತ್ತಿದ್ದರು, ನನಗೆ ಚಳಿ. ತಂಡದ ನಾಯಕಿ, ಗ್ರಾಂಟ್ ರೋಡಿನ ಉಡುಪಿ ಹೋಟೆಲಿನವರ ಮಗಳು, ನನ್ನ ಕಿವಿಯಲ್ಲಿ ಹೇಳಿದಳು: "ನಾವೇ ಮುಂದೆ ಇದ್ದೇವೆ ಮಾರಾಯ್ತಿ. ನೀನು ಐದು ಎಣಿಸುವಷ್ಟು ನಿಲ್ಲಿಸಿದ್ರೆ ಸಾಕು, ಗೆದ್ದ ಹಾಗೆ."

ಎಡಗೈಯ ನಡುಬೆರಳಿಗೆ ದಾರದ ಕುಣಿಕೆ ಹಾಕಿಕೊಂಡೆ. ಕ್ಯಾಮೆರಾದ ಮೇಲೆ ಕೆಂಪು ದೀಪ ಹತ್ತಿತು. ಆ ಗಾಜಿನ ಹಿಂದೆಯೇ ಅಪ್ಪ ಕೂತಿದ್ದಾರೆ, ಹೆಗಲ ಮೇಲೆ ಟವೆಲ್ ಇದೆ ಅನಿಸಿಬಿಟ್ಟಿತು. ಕುಣಿಕೆ ತೆಗೆದು ಬಲಗೈಗೆ ಹಾಕಿಕೊಂಡೆ. ಹಿಂದಿನಿಂದ ನಾಯಕಿ "ಏಯ್" ಅಂದದ್ದು ಕೇಳಿಸಿತು. ಯೋ-ಯೋ ಕೆಳಗಿಳಿಯಿತು, ವಾಲಿತು, ಸುಮ್ಮನೆ ಜೋತುಬಿತ್ತು. ನಾವು ಸೋತೆವು.

ಬಸ್ಸಿನಲ್ಲಿ ನಾಯಕಿ ಕಿಟಕಿಗೆ ಮುಖ ಮಾಡಿ ಅಳುತ್ತಿದ್ದಳು. ನಾಚಿಕೆಯಿಂದ ಸಾಯುವಂತಾಗಿತ್ತು. ಅದರ ಮೇಲೆ ಹೊಸ ಹೆದರಿಕೆ ಬೇರೆ: ಊರಿನವರೆಲ್ಲರ ಎದುರು ಸೋತವಳಿಗೆ ಅಪ್ಪ ಏನು ಮಾಡುತ್ತಾರೋ.

ಅಪ್ಪ ಚಾಳಿನ ಮೆಟ್ಟಿಲ ಬುಡದಲ್ಲೇ ನಿಂತಿದ್ದರು, ಕೈಯಲ್ಲಿ ಪೇಢೆಯ ಪೊಟ್ಟಣ. ಬಂದವರಿಗೆ, ಹೋದವರಿಗೆ ಹಂಚುತ್ತಿದ್ದರು.

"ನೋಡಿದ್ರಿಲ್ಲೋ? ಬಲಗೈಲೆ ಆಡಿದ್ಳು ನನ್ನ ಮಗಳು!"

ಅಂಜುತ್ತ ಹೇಳಿದೆ: "ಅಪ್ಪಾ, ನಾವು ಸೋತ್ವಿ."

"ಸೋಲ್ಲಿ ಬಿಡವ್ವಾ. ಅಂಜಿಕಿ ಇತ್ತಂದ್ರ ಎಲ್ಲಾ ಕಲೀತೈತಿ ಕೈ," ಎಂದು ನನ್ನ ಬಾಯಿಗೆ ಪೇಢೆ ಇಟ್ಟು, ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೆದರಿಕೆ ಅಲ್ಲಿಗೆ ಮುಗಿಯಬೇಕಿತ್ತು, ಇಮ್ಮಡಿಯಾಯಿತು. ಇಷ್ಟು ದಿನ ಟವೆಲ್ ಒಂದಕ್ಕೆ ಹೆದರಿದರೆ ಸಾಕಿತ್ತು. ಇನ್ನು ಎಡಗೈ ಎತ್ತಿದರೆ ಈ ನಗುವೂ ಹೋಗುತ್ತದಲ್ಲ ಅಂದುಕೊಂಡು, ಆ ಕೈಯನ್ನು ನಾನೇ ಬೆನ್ನ ಹಿಂದೆ ಇಟ್ಟುಕೊಂಡೆ.