ಸೊಸೆ ಹೇಳಿದ ವಾಕ್ಯ

ಮುಂಜಾನೆ ಆರಕ್ಕೆ ಚಹಾ, ಆರೂವರೆಗೆ ಸೊಸೆಗೆ ನನ್ನಿಂದ ಇಂಗ್ಲಿಷ್ ಪಾಠ. ಉಟಗಿಯ ನಮ್ಮ ಮನೆಯಲ್ಲಿ ಈ ಕ್ರಮ ತಪ್ಪುತ್ತಿರಲಿಲ್ಲ. ಸಾಂಗಲಿಯ ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು, ಸೋಮವಾರ ಸೇರಬೇಕಿತ್ತು. ಹೋಗುವುದು ಬೇಡವೆಂದು ಮಗ ಒಂದು ದಿನ ಹೇಳಿಬಿಟ್ಟ. ಮಾವನ ಮುಂದೆ ಸೊಸೆ ಗಂಡನಿಗೆ ಎದುರಾಡುವ ರೂಢಿ ನಮ್ಮಲ್ಲಿಲ್ಲ.

ಮರುದಿನ ಕೆಲವು ಕ್ರಿಯಾಪದಗಳಿಗೆ ‘ಟು’ ಹಚ್ಚಿ ವಾಕ್ಯ ಮಾಡುವ ಪಾಠ. ವಾಂಟ್, ಹೋಪ್ ಮುಗಿದವು. ಮಗ ಹೊಸ್ತಿಲಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದ.

“ಡಿಸೈಡ್,” ಎಂದೆ.

“ಐ ಹ್ಯಾವ್ ಡಿಸೈಡೆಡ್ ಟು ಗೋ,” ಎಂದಳು ಸೊಸೆ.

ಮಗನ ಕೈ ನಿಂತಿತು. “ಏನಂದ್ಳ್ರಿ ಅಪ್ಪಾ?”

“ಹೋಗೂದು ನಕ್ಕಿ ಮಾಡೀನಿ ಅಂದ್ಳು.”

“ಪುಸ್ತಕದಾಗಿನ ವಾಕ್ಯ ಏನ್ರಿ ಅದು?”

ನಾನು ಸೊಸೆಯ ಮುಖ ನೋಡಿದೆ. ಅವಳು ತಲೆ ತಗ್ಗಿಸಲಿಲ್ಲ.

“ಅಲ್ಲ,” ಎಂದೆ. “ಸೋಮವಾರ ಲಗೂನ ಏಳು. ಬಸ್ಸಿಗೆ ನೀನೇ ಬಿಟ್ಟು ಬಾ.”