ಕಣ್ಣು ಬಿಡಿಸದ ಕಲ್ಲು

ಮೊನ್ನೆ ಭಾನುವಾರ ಬೆಳಗ್ಗೆ ಕೋಲಾರದ ನಮ್ಮ ಪಕ್ಕದ ಮನೆಯವರು ನೆಲಕ್ಕೆ ಗ್ರಾನೈಟ್ ಹಾಕಿಸಲು ಶುರು ಮಾಡಿದರು. ಕಲ್ಲು ಕೊಯ್ಯುವ ಯಂತ್ರದ ಸದ್ದನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ ನೀರು ಬಿದ್ದ ಕಲ್ಲುಪುಡಿಗೆ ಒಂದು ವಾಸನೆ ಇದೆಯಲ್ಲ, ಸುಟ್ಟಂತೆಯೂ ತೊಯ್ದಂತೆಯೂ ಇರುವಂಥದ್ದು, ಅದು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ನಾನಾಗ ಮಂಚದ ಅಂಚಿನಲ್ಲಿ ಕೂತು ಫೋನಿನಲ್ಲಿ ನಮ್ಮ ಮೇಷ್ಟ್ರುಗಳ ಗುಂಪಿಗೆ ನಾಲ್ಕನೆಯ ಉತ್ತರ ಬರೆಯುತ್ತಿದ್ದೆ. ಮೊದಲ ಮೂರಕ್ಕೆ ಎದುರಾಳಿ ಬಗ್ಗಿರಲಿಲ್ಲ. ವಿಷಯ ಏನು ಅನ್ನುತ್ತೀರಿ? ದೇಶ. ಇನ್ನೇನಿರುತ್ತದೆ.

"ಕಾಫಿ ಆರಿಹೋಯ್ತು ಕಣ್ರೀ. ದೇಶಾನ ಆಮೇಲೆ ಉಳಿಸೀರಂತೆ. ಮೊದ್ಲು ಆ ಕಾಲು ಕುಣಿಸೋದು ನಿಲ್ಸಿ, ಮಂಚ ಪೂರ್ತಿ ಅಲ್ಲಾಡ್ತಿದೆ" ಅಂದಳು ನನ್ನ ಹೆಂಡತಿ. ಶ್ರೀನಿವಾಸಪುರದ ಮಾವಿನ ತೋಪಿನ ನಡುವೆ ಬೆಳೆದವಳು. ಮಾತಿನಲ್ಲಿ ಹುಳಿ ಸಿಹಿ ಎರಡೂ ಇವೆ. ಕಾಲು ನಿಲ್ಲಿಸಿದೆ. ಆಗಲೇ ಆ ವಾಸನೆ ಮೂಗಿಗೆ ಬಡಿದದ್ದು. ಬರೆಯುತ್ತಿದ್ದ ವಾಕ್ಯ ಅರ್ಧಕ್ಕೆ ನಿಂತಿತು, ಮತ್ತೆ ಮುಂದೆ ಹೋಗಲಿಲ್ಲ.

ನನಗೆ ಈ ವಾಸನೆ ಮೊದಲು ಪರಿಚಯವಾದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಾ ಮುಳಬಾಗಿಲಿನ ಮನೆಯಲ್ಲಿ ಕೂತಿದ್ದ ಕಾಲ. ನಮ್ಮಪ್ಪ ಬೀದಿಯ ಕೊನೆಯ ಪುಟ್ಟ ಆಂಜನೇಯನ ಗುಡಿಯ ಅರ್ಚಕರು, ಚಿಕ್ಕಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಇಬ್ಬರಿಗೂ ಒಂದೇ ಪತ್ರಿಕೆ, ಒಂದೇ ಕನ್ನಡಕ, ಆದರೆ ಒಬ್ಬ ನಾಯಕರ ವಿಷಯದಲ್ಲಿ ಮಾತ್ರ ಎರಡು ದಾರಿ. ಆ ನಾಯಕರ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಈ ಪುಟ ಮಗುಚುತ್ತೀರಿ, ಇನ್ನರ್ಧ ಜನ ನಮ್ಮವನೇ ಇವನು ಎಂದು ಬೆನ್ನು ತಟ್ಟುತ್ತೀರಿ. ದೇಶವನ್ನು ಕಟ್ಟಿದವರು ಅವರೇ ಎಂದು ಅಪ್ಪ, ಕೆಡಿಸಿದವರು ಅವರೇ ಎಂದು ಚಿಕ್ಕಪ್ಪ. ಜಗಳ ಹಿತ್ತಲಲ್ಲಿ ಹುಟ್ಟಿ, ನಡುಮನೆಯಲ್ಲಿ ಬೆಳೆದು, ಎಲೆ ಹಾಕುವ ಹೊತ್ತಿಗೆ ತಾರಕಕ್ಕೇರುತ್ತಿತ್ತು. ಚಿಕ್ಕಪ್ಪ ಮುಖ ತಿರುಗಿಸಿ ಕೂತರೆ ಅಪ್ಪನೇ ಪಾತ್ರೆ ಎತ್ತಿಕೊಂಡು ಹೋಗಿ, "ನನ್ ಮೇಲೆ ಕೋಪ ಇದ್ರೆ ಇರ್ಲಿ ಕಣೋ, ತೊವ್ವೆ ಏನ್ ಮಾಡಿತ್ತು ನಿಂಗೆ?" ಎಂದು ಬಡಿಸುತ್ತಿದ್ದರು. ಊಟ ಮುಗಿಯುವ ಹೊತ್ತಿಗೆ ಮಾತು ಗಿರಣಿಯ ಬೆಲ್ಟಿನ ಕಡೆಗೋ ತಂಗಿಯ ಮದುವೆಯ ಕಡೆಗೋ ಹೊರಳಿರುತ್ತಿತ್ತು. ಎದುರೆದುರು ಕೂತು ಜಗಳವಾಡುವವರಿಗೆ ಆ ಒಂದು ಅನುಕೂಲ ಇತ್ತು ಎಂದು ಈಗ ಅನ್ನಿಸುತ್ತದೆ.

ಆ ವರ್ಷ ಗುಡಿಯ ಹಳೆಯ ಮೂರ್ತಿ ಭಿನ್ನವಾಗಿ, ಹೊಸದಕ್ಕೆ ಹೇಳಿಟ್ಟಿದ್ದ ಅಪ್ಪ, ಅದನ್ನು ನೋಡಲು ನನ್ನನ್ನು ಕರೆದುಕೊಂಡು ಶಿವಾರಪಟ್ಟಣಕ್ಕೆ ಹೋದರು. ಊರಿಗೆ ಕಾಲಿಟ್ಟರೆ ಮನೆಮನೆಯ ಮುಂದೆ ಉಳಿಯ ಟಕಟಕ, ಬೀದಿಯ ತುಂಬ ಕಲ್ಲುಪುಡಿ, ಗಾಳಿಯ ತುಂಬ ಈ ವಾಸನೆ. ಶಿಲ್ಪಿ ನಾಗಾಚಾರಿಯವರ ಚಪ್ಪರದ ಕೆಳಗೆ ಮೂರು ಗಣಪತಿ, ಒಂದು ಸರಸ್ವತಿ, ನಮ್ಮ ಆಂಜನೇಯ. ಎಲ್ಲ ಮುಗಿದಂತೆ ಕಾಣುತ್ತಿದ್ದರೂ ಒಬ್ಬರಿಗೂ ನೋಟವಿರಲಿಲ್ಲ. ರೆಪ್ಪೆಯ ಗೆರೆಯಿತ್ತು, ಅದರೊಳಗೆ ನುಣ್ಣನೆಯ ಬರೀ ಕಲ್ಲು.

"ಕಣ್ಣು ಕೊನೇಗಪ್ಪಾ" ಅಂದರು ನಾಗಾಚಾರಿ, ನಾನು ದಿಟ್ಟಿಸುವುದನ್ನು ಕಂಡು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ. "ಹೇಳಿ ಮಾಡಿಸ್ದೋರು ಬಂದು ಎದುರಿಗೆ ನಿಂತ್ಕೋಬೇಕು. ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮಾತಾಡ್ದೆ ಇರೋವಾಗ ಬಿಡಿಸ್ಬೇಕು. ನಮ್ಮಪ್ಪ ಹಂಗೇ ಮಾಡ್ತಿದ್ರು. ನಾನೂ ಅಂತೇ. ದೇವ್ರಾಗ್ಲಿ, ಪುಢಾರಿ ಆಗ್ಲಿ."

"ಪುಢಾರಿಗೂ ಅದೇ ಶಾಸ್ತ್ರವೇ?" ಎಂದು ಅಪ್ಪ ನಕ್ಕರು.

"ಕಲ್ಲಿಗೇನ್ ಗೊತ್ತು ಸಾಮೀ, ಯಾರು ದೇವ್ರು ಯಾರು ಪುಢಾರಿ ಅಂತ? ನನ್ ಹತ್ರ ಎಲ್ಲಾ ಪಾರ್ಟಿಯೋರೂ ಬರೋದು ಬಂಡೆ ಆಗೇ."

ಆಂಜನೇಯನ ಕಣ್ಣು ಬಿಡಿಸುವ ದಿನ ನಾನೂ ಇದ್ದೆ. ಚೂಪಾದ ಸಣ್ಣ ಉಳಿ, ಬೆರಳಷ್ಟು ಸುತ್ತಿಗೆ, ಉಸಿರು ಬಿಗಿಹಿಡಿದು ಕೂತ ಮನುಷ್ಯ. ನಾಲ್ಕೈದು ಸಲ ಟಿಕ್ ಟಿಕ್ ಎಂದಿತು, ಅಷ್ಟೆ. ಅಷ್ಟು ಹೊತ್ತು ಕಲ್ಲಾಗಿದ್ದದ್ದು ನನ್ನನ್ನೇ ನೋಡತೊಡಗಿತು. ನಾನು ದೊಡ್ಡ ಭಕ್ತನೇನಲ್ಲ, ಆದರೂ ಎರಡು ಹೆಜ್ಜೆ ಹಿಂದೆ ಸರಿದೆ. ಅಪ್ಪ ಕಣ್ಣೊರೆಸಿಕೊಂಡರು.

ಮುಂದೆ ನನಗೆ ಮಾಲೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಿತು. ಶಿವಾರಪಟ್ಟಣ ಹತ್ತಿರವಾಯಿತು. ತಿಂಗಳಿಗೊಮ್ಮೆ ಭಾನುವಾರ ಸ್ಕೂಟರಿನಲ್ಲಿ ಹೋಗಿ ನಾಗಾಚಾರಿಯವರ ಚಪ್ಪರದಲ್ಲಿ ಕೂತು ಬರುವುದು ಅಭ್ಯಾಸವಾಯಿತು. ಅಪ್ಪ ಹೋದ ಮೇಲಂತೂ ಅಲ್ಲಿ ಕೂತರೆ ಏನೋ ಸಮಾಧಾನ ಸಿಗುತ್ತಿತ್ತು.

ಆ ಸಮಾಧಾನಕ್ಕೆ ಕಲ್ಲು ಹಾಕಿದ್ದು ಬಸ್ ಸ್ಟ್ಯಾಂಡಿನ ಬಳಿ ತೆರೆದ ಇಂಟರ್‌ನೆಟ್ ಸೆಂಟರು. ಎರಡು ಸಾವಿರದ ನಂತರದ ವರ್ಷಗಳು. ಪ್ಲೈವುಡ್ಡಿನ ಗೂಡು, ಅಕ್ಷರ ಅಳಿಸಿಹೋದ ಕೀಲಿಮಣೆ. ನಮ್ಮ ಜಿಲ್ಲೆಯವರದ್ದೇ ಒಂದು ಚರ್ಚಾ ಗುಂಪಿದೆ ಎಂದು ಯಾರೋ ತೋರಿಸಿಕೊಟ್ಟರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು, ನಡುವೆ ತೆಲುಗಿನಲ್ಲಿ ಬೈಯುವುದು, ಎಲ್ಲರಿಗೂ ಸುಳ್ಳು ಹೆಸರು. ನಾನು 'ಕಟುಸತ್ಯ' ಎಂಬ ಹೆಸರಿಟ್ಟುಕೊಂಡೆ. ನಗಬೇಡಿ, ಆಗ ಅದು ಬಹಳ ಗಂಭೀರವಾಗಿ ಕಂಡಿತ್ತು.

ಅಲ್ಲಿಯೂ ಅದೇ ನಾಯಕರು. ಅವರು ಇದ್ದಾಗಲೂ ಜಗಳ, ಹೋದ ಮೇಲೂ ಜಗಳ. ನಾನು ಚಿಕ್ಕಪ್ಪನ ಪಕ್ಷ ವಹಿಸಿದೆ. ಎದುರಿಗೆ 'ಗರುಡ' ಎಂಬುವನೊಬ್ಬ. ಯಾರೋ ಏನೋ, ಇವತ್ತಿಗೂ ಗೊತ್ತಿಲ್ಲ. ಆದರೆ ಎರಡು ವರ್ಷ ನಾನು ಹೆಂಡತಿಗಿಂತ ಹೆಚ್ಚಾಗಿ ಅವನನ್ನೇ ನೆನೆದಿದ್ದೇನೆ. ಸ್ನಾನ ಮಾಡುವಾಗ ಅವನಿಗೆ ಉತ್ತರ ಹೊಳೆಯುತ್ತಿತ್ತು. ತರಗತಿಯಲ್ಲಿ ಪಾಠದ ನಡುವೆ ಅವನು ಈಗೇನು ಬರೆದಿರಬಹುದು ಎಂದು ಜೀವ ಚಡಪಡಿಸುತ್ತಿತ್ತು. ಒಮ್ಮೆ ಎಂಟನೇ ತರಗತಿಯ ಹುಡುಗಿಯ ಉತ್ತರಪತ್ರಿಕೆಯಲ್ಲಿ, ಲೆಕ್ಕ ಸರಿಯಾಗಿಯೇ ಇದ್ದರೂ, ಕೆಂಪು ಶಾಯಿಯಲ್ಲಿ 'ಇಂಥ ಸುಳ್ಳುಗಳಿಗೆ ಆಧಾರವೆಲ್ಲಿ?' ಎಂದು ಬರೆದುಬಿಟ್ಟೆ. ಅವಳ ತಂದೆ ಪತ್ರಿಕೆ ಹಿಡಿದುಕೊಂಡು ಶಾಲೆಗೇ ಬಂದರು. ಕಾಲು ಕುಣಿಸುವ ಚಟ ಅಂಟಿದ್ದು ಆಗಲೇ.

ಅಂಥ ದಿನಗಳಲ್ಲೊಂದು ಭಾನುವಾರ ಶಿವಾರಪಟ್ಟಣಕ್ಕೆ ಹೋದರೆ, ಚಪ್ಪರದ ನಡುವೆ ಆ ನಾಯಕರೇ ಕೂತಿದ್ದಾರೆ! ಎದೆಯವರೆಗಿನ ಪ್ರತಿಮೆ. ಲಕ್ಕೂರಿನ ಆಚೆಯ ಹಳ್ಳಿಯೊಂದರ ಅಭಿಮಾನಿಗಳು ಸಮುದಾಯ ಭವನದ ಮುಂದೆ ನಿಲ್ಲಿಸಲು ಹೇಳಿದ್ದರಂತೆ. ಹಣೆ, ಮೂಗು, ತುಟಿಯ ಕೊಂಕು ಎಲ್ಲ ಥೇಟ್ ಅವರೇ. ಕಣ್ಣು ಮಾತ್ರ ಬಿಡಿಸಿರಲಿಲ್ಲ.

ನನ್ನ ಕೈಯಲ್ಲಿ ಭಾವಮೈದುನನಿಂದ ಎರವಲು ತಂದ ಡಿಜಿಟಲ್ ಕ್ಯಾಮೆರಾ ಇತ್ತು. ಅದನ್ನು ಕಂಡು ನಾಗಾಚಾರಿಯವರಿಗೆ ಆಸೆಯಾಯಿತು. "ಮೇಷ್ಟ್ರೇ, ನಂದೊಂದು ಫೋಟೋ ತೆಗೀರಿ. ಇಷ್ಟು ಜನದ ಮುಖ ಮಾಡಿದ್ದೀನಿ, ನನ್ ಮುಖ ನೆಟ್ಟಗಿರೋದು ಒಂದೂ ಇಲ್ಲ ಮನೇಲಿ." ಒಳಗೆ ಹೋಗಿ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಪ್ರತಿಮೆಯ ಪಕ್ಕ ನಿಂತು ಅದರ ಹೆಗಲ ಮೇಲೆ ಕೈಯಿಟ್ಟರು, ಹಳೆಯ ಸ್ನೇಹಿತನ ಮೇಲೆ ಇಡುವ ಹಾಗೆ. ನಾನು ಒಂದೇ ಒಂದು ತೆಗೆದೆ.

ಮಾರನೆಯ ದಿನ ಸಂಜೆ ಇಂಟರ್‌ನೆಟ್ ಸೆಂಟರಿನಲ್ಲಿ ಆ ಫೋಟೋವನ್ನು ಕಂಪ್ಯೂಟರಿಗೆ ಹಾಕಿಸಿದೆ. ಮುಂದಿನದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಾಗಾಚಾರಿಯವರನ್ನು ಕತ್ತರಿಸಿ ತೆಗೆದೆ. ಹೆಗಲ ಮೇಲಿನ ನಾಲ್ಕು ಬೆರಳೂ ಕಾಣದಂತೆ ಹತ್ತಿರಕ್ಕೆ ಕತ್ತರಿಸಿದೆ. ಉಳಿದ ಕಲ್ಲಿನ ಮುಖವನ್ನು ಗುಂಪಿಗೆ ಹಾಕಿ ಬರೆದೆ: 'ನಮ್ಮ ಶಿವಾರಪಟ್ಟಣದ ಶಿಲ್ಪಿಯೇ ಇವರಿಗೆ ಕಣ್ಣು ಕೊಟ್ಟಿಲ್ಲ. ದೇಶದ ಕಷ್ಟ ಕಾಣದವರಿಗೆ ಕಣ್ಣೇಕೆ ಎಂದುಕೊಂಡಿರಬೇಕು.'

ಕಣ್ಣು ಯಾಕಿಲ್ಲ ಎಂಬುದು ನನಗೆ ಗೊತ್ತಿತ್ತು. ಆ ಗುಂಪಿನಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಕ್ಕಿಲ್ಲ. ಗೊತ್ತಿದ್ದೇ ಬರೆದೆ. ಗರುಡನ ಬಾಯಿ ಮುಚ್ಚಿಸಬೇಕಿತ್ತು, ಅಷ್ಟೆ. ಮುಚ್ಚಿಸಿಯೂಬಿಟ್ಟೆ. ನಮ್ಮ ಕಡೆಯವರು ಭೇಷ್ ಭೇಷ್ ಎಂದರು, ಅವರ ಕಡೆಯವರು ಕುದ್ದುಹೋದರು. ಅವತ್ತು ಮನೆಗೆ ಹೋಗಿ ಎರಡು ಮುದ್ದೆ ಹೆಚ್ಚಿಗೆ ಉಂಡೆ.

ಮೂರು ವಾರ ಬಿಟ್ಟು ಹೋದಾಗ ಪ್ರತಿಮೆ ಹಿತ್ತಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು, ತಲೆಯ ಮೇಲೊಂದು ಗೋಣಿಚೀಲ. ನಾಗಾಚಾರಿ ಬೀಡಿ ಸೇದುತ್ತಾ ಸುಮ್ಮನೆ ಕೂತಿದ್ದರು.

"ಜೀಪಲ್ಲಿ ಬಂದ್ರು ಮೇಷ್ಟ್ರೇ, ಏಳೆಂಟು ಜನ. ಕಂಪ್ಯೂಟ್ರಲ್ಲಿ ಬಂದಿದೆಯಂತೆ ಈ ಮುಖ. ಕಾಗದದ ಮೇಲೆ ತಂದಿದ್ರು. ನಮ್ಮ ನಾಯಕ್ರನ್ನ ಕುರುಡ ಮಾಡಿದ್ದೀಯಾ, ಎಷ್ಟು ಕೊಟ್ರು ನಿಂಗೆ ಆ ಪಾರ್ಟಿಯೋರು ಅಂದ್ರು. ಅದೇಂಟಿ ಸಾಮೀ, ಕಣ್ಣು ಕೊನೇಗೆ, ನೀವ್ ಬಂದ್ಮೇಲೇ ಬಿಡಿಸೋದು ಅಂದೆ. ಕೇಳ್ಲಿಲ್ಲ. ಈಗ್ಲೇ ಬಿಡಿಸು, ನಮ್ ಕಣ್ಮುಂದೇನೇ ಬಿಡಿಸು ಅಂತ ಸುತ್ತ ನಿಂತ್ಕೊಂಡ್ರು. ಒಬ್ಬ ನನ್ ಭುಜ ಹಿಡಿದು ಕೂರಿಸ್ದ."

"ಆಮೇಲೆ?"

"ಬಿಡಿಸೋಕೆ ಹೋದೆ." ಅವರು ಬಲಗೈಯನ್ನು ಮುಂದೆ ಚಾಚಿ, ಯಾರದೋ ಕೈಯೆಂಬಂತೆ ನೋಡಿದರು. "ಎಡಗಣ್ಣಿನ ರೆಪ್ಪೆ ಎಗರೋಯ್ತು. ಹನ್ನೆರಡನೇ ವಯಸ್ಸಿಂದ ಉಳಿ ಹಿಡಿದಿದ್ದೀನಿ ಮೇಷ್ಟ್ರೇ. ಒಂದು ಸಲಾನೂ ಜಾರಿರ್ಲಿಲ್ಲ."

ಜೀಪಿನವರು ಭಿನ್ನವಾದ ಕಲ್ಲನ್ನು ಅಲ್ಲೇ ಬಿಟ್ಟು ಹೋದರಂತೆ. ಅಂದಿನಿಂದ ಕಣ್ಣಿನ ಹತ್ತಿರ ಉಳಿ ತಂದರೆ ನಾಗಾಚಾರಿಯವರ ಕೈ ನಡುಗುತ್ತಿತ್ತು. ಮೂರ್ತಿ ಪೂರ್ತಿ ಅವರೇ ಮಾಡುವುದು, ಕಣ್ಣು ಬಿಡಿಸಲು ತಮ್ಮನನ್ನು ಕರೆಯುವುದು. ನಮ್ಮ ಆಂಜನೇಯನ ಕಣ್ಣು ತೆರೆಸಿದ ಕೈ ಅದು. ನಾನು ಹೇಳಿಬಿಡಬೇಕಿತ್ತು. ಚಹ ಬಂತು, ಕುಡಿದೆ. ಎದ್ದು ಹೊರಡುವಾಗ ಅವರು ಕೇಳಿದರು: "ನನ್ ಫೋಟೋ ತರ್ಲಿಲ್ವಾ ಮೇಷ್ಟ್ರೇ?"

"ಪ್ರಿಂಟ್ ಹಾಕ್ಸಿಲ್ಲ. ಮುಂದಿನ್ಸಲ ತರ್ತೀನಿ" ಅಂದೆ.

ಎಲ್ಲಿಂದ ತರಲಿ? ಕತ್ತರಿಸಿದ್ದನ್ನೇ ಉಳಿಸಿ, ಕ್ಯಾಮೆರಾ ವಾಪಸು ಕೊಟ್ಟಿದ್ದೆ; ಭಾವಮೈದುನ ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ತನ್ನ ಮಗನ ನಾಮಕರಣ ತುಂಬಿಕೊಂಡಿದ್ದ. ನನ್ನ ಬಳಿ ಉಳಿದದ್ದು ಕಲ್ಲು ಮಾತ್ರ. ಆ ಮುಂದಿನ ಸಲ ಬರಲೇ ಇಲ್ಲ. ಕೋಲಾರಕ್ಕೆ ವರ್ಗವಾಯಿತು ಎಂಬ ನೆಪ ಸಿಕ್ಕಿತು. ಆ ಚರ್ಚಾ ಗುಂಪೂ ಒಂದು ದಿನ ಮುಚ್ಚಿಹೋಯಿತು. ನಾನು ಗೆದ್ದ ವಾದಗಳೆಲ್ಲ ಹೇಳಹೆಸರಿಲ್ಲದೆ ಹೋದವು. ಶಿವಾರಪಟ್ಟಣದ ಬೋರ್ಡು ಕಂಡರೆ ಮಾತ್ರ ಬಸ್ಸಿನಲ್ಲಿ ನಾನು ಇನ್ನೊಂದು ಕಡೆಯ ಕಿಟಕಿ ನೋಡುತ್ತಿದ್ದೆ. ಹದಿನೈದು ವರ್ಷ ಮೀರಿತು.

ಮೊನ್ನೆ ಆ ವಾಸನೆ ಮನೆಯೊಳಗೇ ಬಂದಾಗ ನೋಡಲು ಬೇರೆ ಕಿಟಕಿ ಇರಲಿಲ್ಲ. ಬರೆಯುತ್ತಿದ್ದ ಉತ್ತರವನ್ನು ಕಳಿಸದೆ ಫೋನು ಜೇಬಿಗಿಳಿಸಿ, ಚಪ್ಪಲಿ ಮೆಟ್ಟಿದೆ. "ಎಲ್ಲಿಗ್ರೀ?" ಎಂದಳು ಹೆಂಡತಿ. "ಹದಿನೈದು ವರ್ಷದ ಹಿಂದೆ ಹೋಗ್ಬೇಕಾದ ಕಡೆ" ಅಂದೆ. ಬಿಸಿಲು ತಲೆಗೇರಿದೆ ಎಂಬಂತೆ ನೋಡಿದಳು.

ನಾಗಾಚಾರಿ ಇದ್ದರು. ಬೆನ್ನು ಬಾಗಿದೆ, ಕೂದಲು ಪೂರ್ತಿ ಬೆಳ್ಳಗಾಗಿದೆ, ಚಪ್ಪರದಲ್ಲಿ ತಮ್ಮನ ಮಕ್ಕಳು ಯಂತ್ರ ಹಿಡಿದು ಕೆಲಸ ಮಾಡುತ್ತಾರೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಇನ್ನು ತಡೆದರೆ ಮತ್ತೆ ಚಹ ಬಂದುಬಿಡುತ್ತದೆ ಎಂಬ ಭಯಕ್ಕೆ, ನಿಂತಲ್ಲೇ ಹೇಳಿಬಿಟ್ಟೆ. ಕಂಪ್ಯೂಟರಿಗೆ ಹಾಕಿದವನು ನಾನು. ಬರೆದವನೂ ನಾನೇ. ನಿಮ್ಮನ್ನು ಕತ್ತರಿಸಿ ತೆಗೆದೆ. ತಪ್ಪಾಯಿತು.

ಅವರು ಒಂದು ಬೀಡಿ ಹಚ್ಚಿಕೊಂಡರು.

"ಗೊತ್ತು ಮೇಷ್ಟ್ರೇ" ಅಂದರು. "ಆ ಕಲ್ಲಿನ ಮುಂದೆ ಕ್ಯಾಮೆರಾ ಹಿಡ್ಕೊಂಡು ಬಂದೋರು ನೀವೊಬ್ರೇ. ಅವ್ರು ಕಾಗದ ತೋರಿಸ್ದಾಗ್ಲೇ ಗೊತ್ತಾಯ್ತು."

"ಮತ್ತೆ ಅವ್ರಿಗೆ ಹೇಳ್ಲಿಲ್ಲ ನೀವು."

"ಹೇಳಿದ್ರೆ ಜೀಪು ನಿಮ್ಮನೆಗೆ ಬರ್ತಿತ್ತು. ಮೇಡಮ್ಮು, ಮಗು ಇದ್ರು." ಕೈಯನ್ನು ಗಾಳಿಯಲ್ಲಿ ಬೀಸಿದರು. "ಪೋನೀ ಬಿಡಿ. ಆದ್ರೆ ನೀವ್ ಬಂದು ಹೇಳ್ತೀರಾ ಅಂತ ಕಾದಿದ್ದೆ. ಸುಳ್ಳು ಯಾಕೆ, ಬಾಳ ದಿನ ಕಾದೆ. ಆ ಫೋಟೋ ಕೇಳಿದ್ದೂ ಅದಕ್ಕೇನೇ."

ನನಗೆ ಅಳು ಬಂತು. ಐವತ್ತು ದಾಟಿದ ಗಣಿತದ ಮೇಷ್ಟ್ರು ಕಲ್ಲುಪುಡಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಅತ್ತರೆ ಹೇಗಿರುತ್ತದೋ ಹಾಗೇ ಇತ್ತು. ತಮ್ಮನ ಮಕ್ಕಳು ಯಂತ್ರ ನಿಲ್ಲಿಸಿ ನೋಡಿದರು.

ನಾಗಾಚಾರಿ ಒಳಗೆ ಹೋದರು. ಬರುವಾಗ ತಲೆ ಬಾಚಿತ್ತು, ಮೈಮೇಲೆ ಬಿಳಿ ಅಂಗಿಯಿತ್ತು. "ಈಗ ತೆಗೀರಿ" ಎಂದು ಹಿತ್ತಲಿಗೆ ಕರೆದೊಯ್ದು, ಗೋಡೆಯ ಕಡೆ ಮುಖ ಮಾಡಿದ್ದ ಆ ಕಲ್ಲನ್ನು ತಮ್ಮನ ಮಕ್ಕಳ ಕೈಯಲ್ಲಿ ಇತ್ತ ತಿರುಗಿಸಿದರು. ರೆಪ್ಪೆ ಹಾರಿದ ಎಡಗಣ್ಣು, ಬಿಡಿಸದೇ ಉಳಿದ ಬಲಗಣ್ಣು. ಅದರ ಹೆಗಲ ಮೇಲೆ ಕೈಯಿಟ್ಟು ನಿಂತರು. ಫೋನೆತ್ತಿ ಒತ್ತಿದೆ. ಬಿಸಿಲಿಗೆ ಅವರು ಕಣ್ಣು ಮುಚ್ಚಿಬಿಟ್ಟಿದ್ದರು.

"ಇದನ್ ಯಾರ್ಗೂ ಕಳಿಸ್ಬೇಡಿ ಮೇಷ್ಟ್ರೇ" ಎಂದು ನಕ್ಕರು. "ನನ್ನೂ ಕುರುಡ ಅಂದಾರು." ನನಗೆ ನಗಲಾಗಲಿಲ್ಲ. ಇನ್ನೊಂದು ತೆಗೆದೆ.

ಅಲ್ಲಿಂದ ನೇರ ಮಾಲೂರಿಗೆ ಹೋಗಿ, ಬಾಗಿಲು ತೆರೆದಿದ್ದ ಒಂದು ಸ್ಟುಡಿಯೋದ ಬೆಂಚಿನಲ್ಲಿ ಕೂತೆ. ಪ್ರಿಂಟ್ ಹಾಕಿಸಿ ಅವತ್ತೇ ವಾಪಸು ಹೋಗಿ ಅವರ ಕೈಗೆ ಕೊಡಬೇಕಿತ್ತು. ಫೋಟೋ ಸ್ಟುಡಿಯೋದವನಿಗೆ ಕೊಟ್ಟು ಜೇಬಿಗೆ ವಾಪಸು ಹಾಕಿಕೊಂಡ ಫೋನು ಗುರ್ ಗುರ್ ಎನ್ನುತ್ತಲೇ ಇತ್ತು. ಯಾಕೆ ಮೇಷ್ಟ್ರೇ ಉತ್ತರ ಇಲ್ಲ, ಸೋಲೊಪ್ಪಿಕೊಂಡ್ರಾ ಎಂದು ಗುಂಪಿನವರು ಕೇಳುತ್ತಿದ್ದಿರಬೇಕು. ನನ್ನ ಕಾಲು ಕುಣಿಯುತ್ತಿತ್ತು. ಆ ಚಟ ಒಂದೇ ದಿನಕ್ಕೆ ಬಿಡುವಂಥದ್ದಲ್ಲ.

ಸ್ಟುಡಿಯೋದವನು ಪರದೆಯ ಮೇಲೆ ಫೋಟೋ ದೊಡ್ಡದು ಮಾಡಿ ತಿರುಗಿ ಕೇಳಿದ: "ಸಾರ್, ಪಕ್ಕದಲ್ಲಿ ಯಾವ್ದೋ ಒಡೆದ ಕಲ್ಲು ಬಂದಿದೆ. ಕಟ್ ಮಾಡ್ಬಿಡ್ಲಾ?"

"ಬೇಡಪ್ಪಾ" ಅಂದೆ. "ಏನೂ ಕಟ್ ಮಾಡ್ಬೇಡ."